ಲಾಠಿ ಬದಿಗಿಟ್ಟು ಗರಡಿಗೆ ಇಳಿದವರು

1954ರ ಅಕ್ಟೋಬರ್ ತಿಂಗಳು. ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಕೊಲಂಬಿಯಾ ಸಭಾಂಗಣದಲ್ಲಿ ಒಂದು ವಸ್ತುಪ್ರದರ್ಶನ ನಡೆದಿತ್ತು. ಪುಕ್ಕಟೆ ತಿಂಡಿ ಸಿಗುತ್ತದೆಂದು ಹನ್ನೆರಡು ವರ್ಷದ ಹುಡುಗನೊಬ್ಬ ಗೆಳೆಯನನ್ನು ಕರೆದುಕೊಂಡು ಅಲ್ಲಿಗೆ ಬಂದಿದ್ದ. ತಿಂದು, ಸುತ್ತಾಡಿ ಹೊರಗೆ ಬಂದು ನೋಡಿದರೆ ಸೈಕಲ್ ಇಲ್ಲ! ಅಪ್ಪ ಕೊಡಿಸಿದ್ದ ಕೆಂಪು-ಬಿಳಿ ಬಣ್ಣದ ಹೊಚ್ಚ ಹೊಸ ಷ್ವಿನ್ ಸೈಕಲ್ ಅದು. ಹುಡುಗನಿಗೆ ಅಳು, ಅದರ ಜೊತೆಗೇ ಕೋಪ. ಕೆಳಗಿನ ನೆಲಮಾಳಿಗೆಯಲ್ಲಿ ಒಬ್ಬ ಪೊಲೀಸ್ ಇದ್ದಾನೆ, ಹೋಗಿ ದೂರು ಕೊಡು ಎಂದು ಯಾರೋ ಹೇಳಿದರು. ಹುಡುಗ ದಡದಡನೆ ಮೆಟ್ಟಿಲಿಳಿದು ಹೋಗಿ ಪೊಲೀಸನ ಮುಂದೆ ನಿಂತು, ಸೈಕಲ್ ಕದ್ದವನು ಸಿಕ್ಕರೆ ಚರ್ಮ ಸುಲಿಯುತ್ತೇನೆ ಎಂದು ಕೂಗಾಡಿದ.

ಆ ಪೊಲೀಸ್ ಬೈಯಲಿಲ್ಲ, ಗದರಲಿಲ್ಲ. ಇನ್ನೊಬ್ಬನಿಗೆ ಹೊಡೆಯುವ ಮಾತಾಡುವ ಮೊದಲು ಹೊಡೆದಾಡುವುದನ್ನು ಕಲಿತುಕೊಳ್ಳುವುದು ಒಳ್ಳೆಯದಲ್ಲವೇ ಎಂದು ಕೇಳಿದ. ಆ ನೆಲಮಾಳಿಗೆ ಒಂದು ಬಾಕ್ಸಿಂಗ್ ಗರಡಿ. ಪೊಲೀಸನ ಹೆಸರು ಜೋ ಮಾರ್ಟಿನ್. ಸೈಕಲ್ ಕಳೆದುಕೊಂಡ ಹುಡುಗ ಕ್ಯಾಷಿಯಸ್ ಕ್ಲೇ. ಜಗತ್ತು ಮುಂದೆ ಅವನನ್ನು ಮೊಹಮ್ಮದ್ ಅಲಿ ಎಂದು ಕರೆಯಿತು.

ಈ ಕಥೆ ಬಹಳ ಪುಸ್ತಕಗಳಲ್ಲಿ ಬಂದಿದೆ. ಎಲ್ಲರೂ ನೆನಪಿಟ್ಟುಕೊಳ್ಳುವುದು ಹುಡುಗನನ್ನು. ಇಲ್ಲಿ ಸ್ವಲ್ಪ ಹೊತ್ತು ಆ ಪೊಲೀಸನನ್ನು ನೋಡೋಣ.

ಮಾರ್ಟಿನ್ ದೊಡ್ಡ ಅಧಿಕಾರಿಯೇನಲ್ಲ. ಇಪ್ಪತ್ತೈದು ವರ್ಷ ಪೊಲೀಸ್ ಇಲಾಖೆಯಲ್ಲಿದ್ದರೂ ಸಾರ್ಜೆಂಟ್ ಹುದ್ದೆಯ ಬಡ್ತಿ ಪರೀಕ್ಷೆಗೆ ಆತ ಕೂರಲೇ ಇಲ್ಲ ಎಂದು ಅಲಿಯ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಪಾಳಿ ಮುಗಿದ ಮೇಲೆ ಸೋಮವಾರದಿಂದ ಶುಕ್ರವಾರದವರೆಗೆ ಸಂಜೆ ಆರರಿಂದ ಎಂಟರತನಕ ಗರಡಿಯಲ್ಲಿ ಹುಡುಗರಿಗೆ ಬಾಕ್ಸಿಂಗ್ ಹೇಳಿಕೊಡುವುದು ಅವನ ನಿತ್ಯದ ಕೆಲಸ. ಕಪ್ಪು ಮಕ್ಕಳಿಗೂ ಬಿಳಿ ಮಕ್ಕಳಿಗೂ ಅಲ್ಲಿ ಪ್ರವೇಶವಿತ್ತು. ಇದೇನು ದೊಡ್ಡ ವಿಷಯ ಎಂದು ಇಂದಿನ ವಿದ್ಯಾರ್ಥಿಗಳಿಗೆ ಅನ್ನಿಸಬಹುದು. ಆಗ ಲೂಯಿವಿಲ್‌ನಲ್ಲಿ ಶಾಲೆಗಳು ಬೇರೆ ಬೇರೆ, ಹೋಟೆಲುಗಳು ಬೇರೆ ಬೇರೆ. ಅಂಥ ಊರಿನಲ್ಲಿ ಬಿಳಿಯ ಪೊಲೀಸನೊಬ್ಬ ಕಪ್ಪು ಹುಡುಗನ ಕೈಗೆ ಗ್ಲೌಸ್ ಕಟ್ಟುತ್ತಿದ್ದ ಎಂಬುದು ಸಣ್ಣ ಮಾತಲ್ಲ.

ಕ್ಲೇ ಮೊದಲ ದಿನ ಗರಡಿಗೆ ಬಂದಾಗ ಅವನ ತೂಕ ಸುಮಾರು 40 ಕಿಲೋ. ಅವನಲ್ಲಿ ಆಗ ವಿಶೇಷವೇನೂ ಕಾಣಲಿಲ್ಲ ಎಂದು ಮಾರ್ಟಿನ್ ಮುಂದೆ ಹೇಳಿದ್ದುಂಟು. ಆದರೆ ಹುಡುಗ ದಿನವೂ ಬಂದ. ಉಳಿದವರಿಗಿಂತ ಮೊದಲು ಬಂದು ಉಳಿದವರು ಹೋದ ಮೇಲೆ ಹೋದ. ‘ಟುಮಾರೋಸ್ ಚಾಂಪಿಯನ್ಸ್’ ಎಂದು ಅಲ್ಲಿನ ಟಿ.ವಿ.ಯಲ್ಲಿ ಶನಿವಾರ ಒಂದು ಕಾರ್ಯಕ್ರಮ ಬರುತ್ತಿತ್ತು. ಅದನ್ನು ನಡೆಸುತ್ತಿದ್ದವನೂ ಮಾರ್ಟಿನ್‌ನೇ. ಸೈಕಲ್ ಕಳೆದುಕೊಂಡ ಆರು ವಾರಗಳಿಗೆ ಕ್ಲೇ ಆ ಕಾರ್ಯಕ್ರಮದಲ್ಲಿ ಮೊದಲ ಪಂದ್ಯ ಆಡಿ ಗೆದ್ದ. ಸಿಕ್ಕ ಸಂಭಾವನೆ ನಾಲ್ಕು ಡಾಲರ್.

ಆರು ವರ್ಷಗಳ ನಂತರ, 1960ರಲ್ಲಿ, ರೋಮ್ ಒಲಿಂಪಿಕ್ಸ್. ಕ್ಲೇ ಆ ಹೊತ್ತಿಗೆ ಅಮೆರಿಕದ ಪ್ರಮುಖ ಹವ್ಯಾಸಿ ಬಾಕ್ಸರ್. ಆದರೆ ವಿಮಾನ ಹತ್ತುವುದೆಂದರೆ ಪ್ರಾಣಭಯ! ಹೋಗುವುದೇ ಇಲ್ಲ ಎಂದು ಹಟ ಹಿಡಿದ. ಮಾರ್ಟಿನ್ ಅವನನ್ನು ಒಂದು ಉದ್ಯಾನಕ್ಕೆ ಕರೆದುಕೊಂಡು ಹೋಗಿ ಗಂಟೆಗಟ್ಟಲೆ ಕೂರಿಸಿಕೊಂಡು ಸಮಾಧಾನ ಹೇಳಿದ. ಕೊನೆಗೆ ಹುಡುಗ ಒಪ್ಪಿದ. ಆದರೂ ಸೈನ್ಯದ ಹಳೆಯ ಸಾಮಾನು ಮಾರುವ ಅಂಗಡಿಯಿಂದ ಒಂದು ಪ್ಯಾರಾಚೂಟ್ ಕೊಂಡು ಅದನ್ನು ಕಟ್ಟಿಕೊಂಡೇ ವಿಮಾನದಲ್ಲಿ ಕೂತಿದ್ದ ಎಂದು ಮಾರ್ಟಿನ್‌ನ ಮಗ ಹೇಳಿದ್ದು ದಾಖಲಾಗಿದೆ. ರೋಮ್‌ನಿಂದ ಬರುವಾಗ ಕೊರಳಲ್ಲಿ ಲೈಟ್ ಹೆವಿವೇಟ್ ವಿಭಾಗದ ಚಿನ್ನದ ಪದಕವಿತ್ತು.

ಅದೇ ಗರಡಿಯ ಇನ್ನೊಬ್ಬ ಹುಡುಗ ಜಿಮ್ಮಿ ಎಲ್ಲಿಸ್. ಆತ 1968ರಲ್ಲಿ ವಿಶ್ವ ಬಾಕ್ಸಿಂಗ್ ಸಂಸ್ಥೆಯ ಹೆವಿವೇಟ್ ಪಟ್ಟ ಗೆದ್ದ. 1980ರಲ್ಲಿ ಅಲಿ ಮದ್ರಾಸಿಗೆ ಬಂದು ನೆಹರೂ ಕ್ರೀಡಾಂಗಣದಲ್ಲಿ ಪ್ರದರ್ಶನ ಪಂದ್ಯ ಆಡಿದ್ದು ಹಿರಿಯರಿಗೆ ನೆನಪಿರಬಹುದು. ಅಂದು ಎದುರಾಳಿಯಾಗಿ ನಿಂತವನು ಇದೇ ಎಲ್ಲಿಸ್. ಒಬ್ಬ ಸಾಮಾನ್ಯ ಪೊಲೀಸನ ನೆಲಮಾಳಿಗೆಯಲ್ಲಿ ಕಲಿತ ಇಬ್ಬರು ನಮ್ಮ ಪಕ್ಕದ ಊರಿನಲ್ಲಿ ಎದುರುಬದುರು ನಿಂತಿದ್ದರು!

ಎಲ್ಲ ಕೀರ್ತಿಯನ್ನೂ ಮಾರ್ಟಿನ್‌ಗೇ ಕೊಟ್ಟರೆ ಅನ್ಯಾಯವಾಗುತ್ತದೆ. ಲೂಯಿವಿಲ್‌ನ ಕಪ್ಪು ಜನರ ಬಡಾವಣೆಯಲ್ಲಿ ಫ್ರೆಡ್ ಸ್ಟೋನರ್ ಎಂಬ ಕಪ್ಪು ತರಬೇತುದಾರನಿದ್ದ. ಮಾರ್ಟಿನ್‌ನ ಗರಡಿ ಮುಗಿಸಿ ಕ್ಲೇ ಅಲ್ಲಿಗೆ ಹೋಗಿ ರಾತ್ರಿಯವರೆಗೆ ಅಭ್ಯಾಸ ಮಾಡುತ್ತಿದ್ದ. ಬಾಕ್ಸಿಂಗ್‌ನ ನಿಜವಾದ ಪಟ್ಟುಗಳನ್ನು ಕಲಿಸಿದವನು ಸ್ಟೋನರ್ ಎಂದು ಅಲಿಯೇ ಹೇಳಿದ್ದಾನೆ. ಹಾಗಾದರೆ ಪೊಲೀಸ್ ಕೊಟ್ಟದ್ದೇನು? ಅತ್ತುಕೊಂಡು ಬಂದ ದಿನ ಒಂದು ತೆರೆದ ಬಾಗಿಲು, ಮತ್ತು ಮರುದಿನವೂ ಅದರ ಮರುದಿನವೂ ಆರು ಗಂಟೆಗೆ ತೆರೆದೇ ಇರುತ್ತಿದ್ದ ಅದೇ ಬಾಗಿಲು.

ಬೀದಿಯೇ ಆಟದ ಬಯಲು

ಪೊಲೀಸರು ಮಕ್ಕಳಿಗೆ ಆಟ ಕಲಿಸುವ ಪದ್ಧತಿ ಮಾರ್ಟಿನ್‌ನಿಂದ ಶುರುವಾದದ್ದಲ್ಲ. ಅದರ ಬೇರು ನ್ಯೂಯಾರ್ಕ್‌ನಲ್ಲಿದೆ. 1914ರಲ್ಲಿ ಆ ನಗರದ ಪೊಲೀಸ್ ಕಮಿಷನರ್ ಆಗಿ ಬಂದ ಆರ್ಥರ್ ವುಡ್ಸ್ ಮೊದಲು ಶಾಲಾ ಮೇಷ್ಟರು. ಮೇಷ್ಟರ ಕಣ್ಣು ಪೊಲೀಸ್ ಟೋಪಿ ಹಾಕಿಕೊಂಡ ಮೇಲೂ ಬದಲಾಗಲಿಲ್ಲವೆಂದು ಕಾಣುತ್ತದೆ. ನ್ಯೂಯಾರ್ಕ್‌ನ ಬಡ ವಲಸಿಗರ ಕೇರಿಗಳಲ್ಲಿ ಆಗ ಒಂದೊಂದು ಕೋಣೆಯಲ್ಲೂ ಇಡೀ ಸಂಸಾರ. ಮಕ್ಕಳಿಗೆ ಬೀದಿ ಬಿಟ್ಟರೆ ಬೇರೆ ಜಾಗವಿಲ್ಲ. ಬೀದಿಯಲ್ಲಿ ಚೆಂಡು ಆಡಿದರೆ ಪೊಲೀಸರು ಹಿಡಿದು ನ್ಯಾಯಾಲಯಕ್ಕೆ ಕಳಿಸುತ್ತಿದ್ದರು, ಆಡುವಾಗ ಗಾಡಿಗೆ ಸಿಕ್ಕಿ ಸತ್ತವರೂ ಕಡಿಮೆಯಲ್ಲ. ವುಡ್ಸ್ ಕೆಲವು ಬೀದಿಗಳಲ್ಲಿ ದಿನದ ಕೆಲವು ಗಂಟೆ ವಾಹನ ಸಂಚಾರವನ್ನೇ ನಿಲ್ಲಿಸಿ ಅವನ್ನು ಮಕ್ಕಳ ಆಟಕ್ಕೆ ಬಿಟ್ಟುಕೊಟ್ಟ. ಆಟ ನಿಲ್ಲಿಸುವುದು ಪೊಲೀಸರ ಕೆಲಸವಾಗಿದ್ದುದು ಆಟಕ್ಕೆ ಕಾವಲು ನಿಲ್ಲುವುದು ಪೊಲೀಸರ ಕೆಲಸವಾಯಿತು.

1930ರ ದಶಕದ ಆರಂಭದ ಇನ್ನೊಂದು ಘಟನೆಯನ್ನು ಅಲ್ಲಿನ ಪೊಲೀಸರು ಈಗಲೂ ಹೇಳಿಕೊಳ್ಳುತ್ತಾರೆ. ಕಿಟಕಿಗಳಿಗೆ ಕಲ್ಲು ತೂರುತ್ತಿದ್ದ ಪುಂಡು ಹುಡುಗರ ಗುಂಪಿನ ನಾಯಕನನ್ನು ಲೆಫ್ಟಿನೆಂಟ್ ಫ್ಲಿನ್ ಎಂಬ ಅಧಿಕಾರಿ ಕರೆಸಿ, ಯಾಕೆ ಹೀಗೆ ಎಂದು ವಿಚಾರಿಸಿದನಂತೆ. ಆಡಲು ಜಾಗವಿಲ್ಲ, ಎಲ್ಲಿ ಆಡಿದರೂ ನೀವೇ ಓಡಿಸುತ್ತೀರಿ ಎಂದು ಹುಡುಗ ಉತ್ತರ ಕೊಟ್ಟ. ಫ್ಲಿನ್ ಒಂದು ಬಯಲು ಹುಡುಕಿ, ಒಬ್ಬ ಪೊಲೀಸನನ್ನು ಅಲ್ಲಿ ನಿಲ್ಲಿಸಿ, ಆ ಹುಡುಗರದೇ ಬೇಸ್‌ಬಾಲ್ ತಂಡ ಕಟ್ಟಿದ. ಇಂಥ ತಂಡಗಳು ಬೆಳೆದು ‘ಪೊಲೀಸ್ ಅಥ್ಲೆಟಿಕ್ ಲೀಗ್’ ಆಯಿತು. ‘ಪಾಲ್’ ಎಂಬ ಅದರ ಗಿಡ್ಡ ಹೆಸರಿಗೆ ಇಂಗ್ಲಿಷಿನಲ್ಲಿ ಗೆಳೆಯ ಎಂಬ ಅರ್ಥವೂ ಇದೆ. ಇಂದು ಅಮೆರಿಕದ ಬಹಳ ಊರುಗಳಲ್ಲಿ ಇಂಥ ಸಂಘಗಳಿವೆ. ಆಟದ ಜೊತೆಗೆ ಮನೆಪಾಠ, ಸಂಗೀತ, ಕಂಪ್ಯೂಟರ್ ಎಲ್ಲ ಸೇರಿಕೊಂಡು, ಅನೇಕ ಕಡೆ ಹೆಸರಿನಲ್ಲಿದ್ದ ‘ಅಥ್ಲೆಟಿಕ್’ ಹೋಗಿ ‘ಆಕ್ಟಿವಿಟೀಸ್’ ಬಂದಿದೆ.

ಇಂಗ್ಲೆಂಡಿನ ನಾರ್ವಿಚ್‌ನಲ್ಲಿ 1918ರಲ್ಲಿ ಅಲ್ಲಿನ ಪೊಲೀಸ್ ಮುಖ್ಯಸ್ಥ ಹುಡುಗರಿಗಾಗಿ ಕ್ಲಬ್ ತೆರೆದಿದ್ದ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ 1937ರಲ್ಲಿ ವುಲ್ಲುಮುಲ್ಲು ಎಂಬ ಬಂದರು ಕೇರಿಯಲ್ಲಿ ಮೊದಲ ಪೊಲೀಸ್ ಬಾಲಕರ ಕ್ಲಬ್ ಶುರುವಾಯಿತು. ಆಗ ಹುಡುಗರಿಗೆ ಮಾತ್ರ ಇದ್ದ ಈ ಕ್ಲಬ್ಬುಗಳಿಗೆ ಈಗ ಹುಡುಗಿಯರೂ ಬರುತ್ತಾರೆ.

ಇದರಿಂದ ಫಲವಿದೆಯೇ?

ಒಬ್ಬ ಮೊಹಮ್ಮದ್ ಅಲಿಯನ್ನು ತೋರಿಸಿ ಈ ಪದ್ಧತಿ ಒಳ್ಳೆಯದು ಎಂದು ತೀರ್ಮಾನಿಸುವುದು ವಿಜ್ಞಾನವಲ್ಲ. ಅದೇ ಗರಡಿಗೆ ಬಂದು ಏನೂ ಆಗದೆ ಹೋದವರೆಷ್ಟು? ಗರಡಿಗೆ ಬಾರದೆಯೂ ಚೆನ್ನಾಗಿ ಬಾಳಿದವರೆಷ್ಟು? ಪ್ರಯೋಗಾಲಯದಲ್ಲಿ ಒಂದು ಗಿಡಕ್ಕೆ ಗೊಬ್ಬರ ಹಾಕಿ, ಅಂಥದೇ ಇನ್ನೊಂದು ಗಿಡಕ್ಕೆ ಹಾಕದೆ ಬಿಟ್ಟು, ಎರಡನ್ನೂ ಹೋಲಿಸಿದಾಗಲೇ ಗೊಬ್ಬರದ ಗುಣ ತಿಳಿಯುವುದು. ಮಕ್ಕಳ ವಿಷಯದಲ್ಲಿ ಇದನ್ನು ಮಾಡಿ ನೋಡಿದವರಿದ್ದಾರೆ.

ಹಾರ್ವರ್ಡ್‌ನ ವೈದ್ಯ ರಿಚರ್ಡ್ ಕ್ಯಾಬಟ್ ರೂಪಿಸಿದ ಅಧ್ಯಯನ 1939ರಲ್ಲಿ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ ಮತ್ತು ಸಾಮರ್‌ವಿಲ್ ಎಂಬ ಎರಡು ಊರುಗಳಲ್ಲಿ ಆರಂಭವಾಯಿತು. ಒಟ್ಟು 506 ಹುಡುಗರು. ವಯಸ್ಸು, ಮನೆಯ ಸ್ಥಿತಿ, ಸ್ವಭಾವ ಹೊಂದುವಂತೆ ಅವರನ್ನು ಜೋಡಿ ಮಾಡಿ, ನಾಣ್ಯ ಚಿಮ್ಮಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಮಾರ್ಗದರ್ಶಕರನ್ನು ಕೊಟ್ಟರು. ಮನೆಗೆ ಭೇಟಿ, ಪಾಠ, ವೈದ್ಯಕೀಯ ನೆರವು, ಬೇಸಿಗೆ ಶಿಬಿರ, ಏನುಂಟು ಏನಿಲ್ಲ. ಸರಾಸರಿ ಐದು ವರ್ಷಕ್ಕೂ ಹೆಚ್ಚು ಕಾಲ ಇದು ನಡೆಯಿತು. ಸುಮಾರು ಮೂವತ್ತು ವರ್ಷಗಳ ಮೇಲೆ ಜೋನ್ ಮೆಕಾರ್ಡ್ ಎಂಬ ವಿದುಷಿ ಅವರನ್ನೆಲ್ಲ ಹುಡುಕಿ ವಿಚಾರಿಸಿದಳು. ನೆರವು ಪಡೆದವರಲ್ಲಿ ಮೂರರಲ್ಲಿ ಎರಡು ಪಾಲು ಜನ, ಅದರಿಂದ ನಮಗೆ ಒಳ್ಳೆಯದಾಯಿತು ಎಂದರು. ಆದರೆ ನ್ಯಾಯಾಲಯ, ಆಸ್ಪತ್ರೆಗಳ ದಾಖಲೆ ತೆಗೆದು ನೋಡಿದಾಗ ಆದದ್ದೇ ಬೇರೆ. ನೆರವು ಪಡೆದವರು ಕುಡಿತ, ಕಾಯಿಲೆ, ಮತ್ತೆ ಮತ್ತೆ ಅಪರಾಧ ಮಾಡುವುದು ಇವುಗಳಲ್ಲಿ ನೆರವು ಪಡೆಯದ ಜೋಡಿದಾರರಿಗಿಂತ ಒಂದು ಕೈ ಮುಂದಿದ್ದರು! 1978ರಲ್ಲಿ ಈ ಫಲಿತಾಂಶ ಪ್ರಕಟವಾದಾಗ ಸಮಾಜಸೇವಕರೆಲ್ಲ ಕಂಗಾಲಾದರು.

ಎಲ್ಲಿ ಎಡವಿತು? ಮೆಕಾರ್ಡ್ ಮುಂದೆ ಇನ್ನಷ್ಟು ಕೆದಕಿ ನೋಡಿದಾಗ ಒಂದು ಸುಳಿವು ಸಿಕ್ಕಿತು. ಹೆಚ್ಚು ಹಾನಿಯಾದದ್ದು ಬೇಸಿಗೆ ಶಿಬಿರಗಳಿಗೆ ಮತ್ತೆ ಮತ್ತೆ ಹೋದ ಹುಡುಗರಿಗೆ. ತಂಟೆಕೋರರನ್ನು ಒಂದೆಡೆ ಗುಡ್ಡೆ ಹಾಕಿದರೆ ಅವರು ಒಬ್ಬರಿಗೊಬ್ಬರು ಪ್ರೇಕ್ಷಕರಾಗುತ್ತಾರೆ. ಒಬ್ಬ ತನ್ನ ಕಿಡಿಗೇಡಿತನ ಹೇಳಿಕೊಳ್ಳುತ್ತಾನೆ, ಇನ್ನೊಬ್ಬ ನಗುತ್ತಾನೆ. ಆ ನಗುವೇ ಬಹುಮಾನ. ಹದಿವಯಸ್ಸಿನ ಮಿದುಳಿನಲ್ಲಿ ಆಸೆ, ಉತ್ಸಾಹಗಳ ಭಾಗ ಬೇಗ ಚುರುಕಾಗುತ್ತದೆ. ಹಿಂದುಮುಂದು ಯೋಚಿಸುವ ಮುಂಭಾಗ ಪೂರ್ತಿ ಬಲಿಯಲು ಇಪ್ಪತ್ತರ ನಡುವಯಸ್ಸು ದಾಟಬೇಕು. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಆಡಿಸಿ ನೋಡಿದ್ದರು. ಗೆಳೆಯರು ಪಕ್ಕದಲ್ಲಿದ್ದಾಗ ಹದಿಹರೆಯದವರು ಒಂಟಿಯಾಗಿದ್ದಾಗಿಗಿಂತ ಬಹಳ ಹೆಚ್ಚು ಅಪಾಯಕ್ಕೆ ಕೈ ಹಾಕಿದರು. ದೊಡ್ಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ‘ಕೆಟ್ಟ ಹುಡುಗರಿಗಾಗಿ’ ಎಂದು ಹಣೆಪಟ್ಟಿ ಅಂಟಿಸಿದ ಕ್ಲಬ್ಬಿಗಿಂತ, ಜಾಣನೂ ತಂಟೆಕೋರನೂ ಒಂದೇ ಚೆಂಡಿನ ಹಿಂದೆ ಓಡುವ ಬಯಲು ವಾಸಿ.

ಇನ್ನೊಂದು ಅಧ್ಯಯನದ ಫಲಿತಾಂಶ ಆಶಾದಾಯಕವಾಗಿದೆ. ‘ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್’ ಅಮೆರಿಕದ ಹಳೆಯ ಸಂಸ್ಥೆ. ಒಬ್ಬ ಮಗುವಿಗೆ ಒಬ್ಬ ಅಣ್ಣನನ್ನೋ ಅಕ್ಕನನ್ನೋ ಜೊತೆ ಮಾಡುವುದು ಅದರ ಕೆಲಸ. ಪೊಲೀಸರದಲ್ಲ, ಆದರೆ ಕೆಲಸದ ಬಗೆ ಅದೇ. 10ರಿಂದ 16 ವರ್ಷದ 959 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಜೊತೆಗಾರರನ್ನು ಕೊಟ್ಟು, ಉಳಿದವರನ್ನು ಕಾಯುವ ಪಟ್ಟಿಯಲ್ಲಿರಿಸಿ ಹೋಲಿಸಿದ ವರದಿ 1995ರಲ್ಲಿ ಬಂತು. ಜೊತೆಗಾರರಿದ್ದ ಮಕ್ಕಳಲ್ಲಿ ಮಾದಕವಸ್ತುವಿನ ರುಚಿ ನೋಡಲು ಶುರುಮಾಡಿದವರು ಶೇ. 46ರಷ್ಟು ಕಡಿಮೆ, ಕುಡಿತ ಶುರುಮಾಡಿದವರು ಶೇ. 27ರಷ್ಟು ಕಡಿಮೆ. ಶಾಲೆ ತಪ್ಪಿಸಿದ ದಿನಗಳೂ ಅರ್ಧಕ್ಕರ್ಧ ಇಳಿದಿದ್ದವು.

ಅದೇ ಮಕ್ಕಳ ಅಂಕಿಅಂಶಗಳನ್ನು 2002ರಲ್ಲಿ ಇನ್ನೊಮ್ಮೆ ಜಾಲಾಡಿದಾಗ ಹೊರಬಿದ್ದ ವಿಷಯ ಮಾತ್ರ ಪ್ರತಿ ತಾಯಿತಂದೆ ತಿಳಿದಿರಬೇಕಾದದ್ದು. ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಜೊತೆಗಾರ ಉಳಿದಿದ್ದ ಮಕ್ಕಳಿಗೆ ಲಾಭ ಹೆಚ್ಚು. ಮೂರು ತಿಂಗಳೊಳಗೆ ಜೊತೆಗಾರ ಕೈಬಿಟ್ಟು ಹೋದ ಮಕ್ಕಳಲ್ಲಿ ತಮ್ಮ ಬಗ್ಗೆ ಇದ್ದ ಅಭಿಮಾನವೇ ಕುಸಿದಿತ್ತು. ಬಂದು ಆಸೆ ಹುಟ್ಟಿಸಿ ಹೋಗುವುದಕ್ಕಿಂತ ಬಾರದಿರುವುದೇ ಮೇಲು ಎಂಬಂತಾಯಿತು. ಕೇಂಬ್ರಿಜ್-ಸಾಮರ್‌ವಿಲ್‌ನಲ್ಲಿಯೂ ಯುದ್ಧದ ಕಾಲವಾದ್ದರಿಂದ ಮಾರ್ಗದರ್ಶಕರು ಪದೇ ಪದೇ ಬದಲಾಗಿದ್ದರು.

ಬರಿಯ ಉಪದೇಶದಿಂದ ಏನಾದೀತು ಎಂಬುದಕ್ಕೂ ಪುರಾವೆಯಿದೆ. 1983ರಲ್ಲಿ ಲಾಸ್ ಏಂಜಲಿಸ್ ಪೊಲೀಸರು ‘ಡೇರ್’ ಎಂಬ ಕಾರ್ಯಕ್ರಮ ಶುರುಮಾಡಿದರು. ಸಮವಸ್ತ್ರದ ಪೊಲೀಸ್ ತರಗತಿಗೆ ಬಂದು ಮಾದಕವಸ್ತುವಿನ ಕೆಡುಕನ್ನು ಪಾಠದಂತೆ ಹೇಳುವುದು. ಅಮೆರಿಕದ ಉದ್ದಗಲಕ್ಕೂ ಅದು ಹಬ್ಬಿತು, ಮೇಷ್ಟರುಗಳೂ ಪೋಷಕರೂ ಮೆಚ್ಚಿದರು. 1994ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಕ್ಕಳ ಚಟದ ಮೇಲೆ ಅದರ ಪರಿಣಾಮ ಇಲ್ಲವೆನ್ನುವಷ್ಟು ಅಲ್ಪ. ಆಮೇಲೆ ಪಾಠಕ್ರಮವನ್ನೇ ಬದಲಿಸಬೇಕಾಯಿತು. ಮಕ್ಕಳನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಪದ್ಧತಿಯೊಂದು ನ್ಯೂಜೆರ್ಸಿಯಲ್ಲಿ 1970ರ ದಶಕದಲ್ಲಿತ್ತು. ಅದರ ಸಾಕ್ಷ್ಯಚಿತ್ರಕ್ಕೆ ಆಸ್ಕರ್ ಕೂಡ ಬಂತು. ಹೀಗೆ ಹೆದರಿಸಿಕೊಂಡ ಮಕ್ಕಳು ಹೆದರಿಸಿಕೊಳ್ಳದವರಿಗಿಂತ ಹೆಚ್ಚು ತಪ್ಪು ಮಾಡಿದರು ಎಂದು ಮುಂದಿನ ಅಧ್ಯಯನಗಳು ತೋರಿಸಿವೆ.

‘ಊಟ ಮಾಡು, ಇಲ್ಲದಿದ್ದರೆ ಪೊಲೀಸಪ್ಪನ ಕೈಗೆ ಕೊಡ್ತೀನಿ’ ಎಂದು ಮೂರು ವರ್ಷದ ಮಗುವಿಗೆ ಹೇಳುವ ನಮ್ಮ ಮನೆಗಳೂ ಈ ಹೆದರಿಸುವ ಪದ್ಧತಿಯ ಶಾಖೆಗಳೇ ಅಲ್ಲವೇ? ಆ ಮಗು ಮುಂದೊಂದು ದಿನ ಜಾತ್ರೆಯಲ್ಲಿ ಕಳೆದುಹೋದರೆ ಹತ್ತಿರದ ಪೊಲೀಸನ ಬಳಿಗೆ ಹೋಗುತ್ತದೆಯೇ, ಅವನನ್ನು ಕಂಡು ಇನ್ನೂ ದೂರ ಓಡುತ್ತದೆಯೇ?

ನಮ್ಮಲ್ಲಿ

ಚೆನ್ನೈಯಲ್ಲಿ ಪೊಲೀಸರ ಬಾಲಕ-ಬಾಲಕಿಯರ ಕ್ಲಬ್ಬುಗಳು ಕೊಳೆಗೇರಿಗಳ ನಡುವೆ ಬಹಳ ಕಾಲದಿಂದ ಇವೆ. ಕೇರಳ ಇನ್ನೊಂದು ದಾರಿ ಹಿಡಿಯಿತು. ಐ.ಪಿ.ಎಸ್. ಅಧಿಕಾರಿ ಪಿ. ವಿಜಯನ್ ಮುಂದೆ ನಿಂತು ರೂಪಿಸಿದ ‘ಸ್ಟೂಡೆಂಟ್ ಪೊಲೀಸ್ ಕೆಡೆಟ್’ ಯೋಜನೆ 2010ರ ಆಗಸ್ಟ್ 2ರಂದು 127 ಶಾಲೆಗಳಲ್ಲಿ, 11 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಎಂಟು, ಒಂಬತ್ತನೆಯ ತರಗತಿಯ ಮಕ್ಕಳಿಗೆ ಎರಡು ವರ್ಷದ ತರಬೇತಿ. ಒಂದು ತಂಡಕ್ಕೆ 44 ಮಂದಿ, ಅದರಲ್ಲಿ ಅರ್ಧ ಹುಡುಗಿಯರು. ಕವಾಯತು, ವ್ಯಾಯಾಮ, ಕಾನೂನಿನ ತಿಳಿವಳಿಕೆ, ಸಂಚಾರ ನಿಯಮ, ಶಿಬಿರ.

2018ರ ಜುಲೈ 21ರಂದು ಕೇಂದ್ರ ಸರ್ಕಾರ ಇದನ್ನು ದೇಶದ ಮಟ್ಟಕ್ಕೆ ತಂದಿತು. ಆಗಿನ ಗೃಹ ಸಚಿವ ರಾಜನಾಥ್ ಸಿಂಗ್ ಗುರುಗ್ರಾಮದಲ್ಲಿ ಉದ್ಘಾಟಿಸಿದರು. ಕರ್ನಾಟಕದ ಸರ್ಕಾರಿ ಶಾಲೆಗಳಿಗೂ ಅದು ಬಂತು. ಜೊತೆಗೆ ಶಾಲಾ ಮಕ್ಕಳನ್ನು ಠಾಣೆಗೆ ಕರೆಸಿಕೊಂಡು ಅಲ್ಲಿನ ಕೆಲಸ ತೋರಿಸುವ ‘ತೆರೆದ ಮನೆ’ ಕಾರ್ಯಕ್ರಮವನ್ನು ರಾಜ್ಯದ ಪೊಲೀಸರು ನಡೆಸುತ್ತ ಬಂದಿದ್ದಾರೆ. ಒಳ್ಳೆಯ ಹೆಸರು, ಒಳ್ಳೆಯ ಉದ್ದೇಶ.

ಆದರೆ ಲೆಕ್ಕ ಹಾಕಿ. 2018ರ ರಾಷ್ಟ್ರೀಯ ಯೋಜನೆ ಹೇಳಿದ್ದು ತಿಂಗಳಿಗೆ ಒಂದೇ ತರಗತಿ. ಪಠ್ಯಪುಸ್ತಕದ ಹೊರೆ ಇಲ್ಲ, ಪರೀಕ್ಷೆ ಇಲ್ಲ ಎಂಬುದು ಸಂತೋಷವೇ. ತಿಂಗಳಿಗೆ ಒಂದೆಂದರೆ ಶಾಲೆಯ ವರ್ಷದಲ್ಲಿ ಹೆಚ್ಚೆಂದರೆ ಹತ್ತು ಸಲ. ಲೂಯಿವಿಲ್‌ನ ನೆಲಮಾಳಿಗೆ ಎರಡೇ ವಾರದಲ್ಲಿ ಹತ್ತು ಸಲ ತೆರೆಯುತ್ತಿತ್ತು. ಠಾಣೆಗೆ ಒಮ್ಮೆ ಹೋಗಿ ವೈರ್‌ಲೆಸ್ ಸೆಟ್ ನೋಡಿ ಬಂದರೆ ಭಯ ಸ್ವಲ್ಪ ಕಳೆಯುತ್ತದೆ. ಅದು ಪರಿಚಯ. ಗೆಳೆತನ ಬೇರೆ.

ಅಮೆರಿಕದಲ್ಲಿ ಹುಡುಗರ ಹೊಡೆದಾಟದ ಪ್ರಕರಣಗಳು ಶಾಲಾ ದಿನಗಳಲ್ಲಿ ಅತಿ ಹೆಚ್ಚಾಗುವುದು ಮಧ್ಯರಾತ್ರಿಯಲ್ಲಲ್ಲ, ಶಾಲೆ ಬಿಟ್ಟ ಕೂಡಲೇ, ಮಧ್ಯಾಹ್ನ ಮೂರರ ಆಸುಪಾಸಿನಲ್ಲಿ ಎಂದು ಅಲ್ಲಿನ ಸರ್ಕಾರಿ ಅಂಕಿಅಂಶ ಹೇಳುತ್ತದೆ. ತಾಯಿತಂದೆ ಕೆಲಸದಲ್ಲಿರುತ್ತಾರೆ, ಮನೆ ಖಾಲಿ. ನಮ್ಮ ಊರುಗಳಲ್ಲೂ ಶಾಲೆ ಬಿಟ್ಟ ಹೊತ್ತಿನಿಂದ ದೀಪ ಹಚ್ಚುವವರೆಗಿನ ಹೊತ್ತು ಹೀಗೆಯೇ ಒಡೆಯನಿಲ್ಲದ ಹೊತ್ತು. ಮೊದಲು ಆಟದ ಬಯಲುಗಳಾದರೂ ಇದ್ದವು. ಈಗ ಅವು ನಿವೇಶನಗಳಾಗಿವೆ, ಹುಡುಗರ ಕೈಗೆ ಮೊಬೈಲ್ ಬಂದಿದೆ.

ಕಾನೂನು ಮಾತ್ರ ಬಹಳ ಮುಂದೆ ಹೋಗಿದೆ. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ ಪ್ರತಿ ಠಾಣೆಯಲ್ಲೂ ಎ.ಎಸ್.ಐ. ದರ್ಜೆಗೆ ಕಡಿಮೆಯಿಲ್ಲದ ಒಬ್ಬರು ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಇರಬೇಕು. ಯಾವ ಮಗುವನ್ನೂ ಲಾಕಪ್ಪಿಗೆ ಹಾಕುವಂತಿಲ್ಲ. ಮಕ್ಕಳೊಡನೆ ವ್ಯವಹರಿಸುವಾಗ ಸಾಧ್ಯವಾದಷ್ಟೂ ಸಮವಸ್ತ್ರದಲ್ಲಿರಬಾರದು ಎಂದು 2016ರ ನಿಯಮಗಳು ಹೇಳುತ್ತವೆ. ನಿಮ್ಮ ಠಾಣೆಯ ಆ ಅಧಿಕಾರಿ ಯಾರೆಂದು ಕೇಳಿ ತಿಳಿದುಕೊಳ್ಳುವುದು ಪೋಷಕರ ಹಕ್ಕು.

ಮಕ್ಕಳನ್ನು ಇಂಥ ಕಾರ್ಯಕ್ರಮಕ್ಕೆ ಕಳಿಸುವ ಮುನ್ನ ಇನ್ನೂ ಒಂದೆರಡು ಮಾತು ಕೇಳಬಹುದು. ವಾರಕ್ಕೆ ಎಷ್ಟು ದಿನ? ಕಲಿಸುವವರು ಯಾರು, ಮುಂದಿನ ವರ್ಷವೂ ಅವರೇ ಇರುತ್ತಾರೆಯೇ? ಎಲ್ಲ ಮಕ್ಕಳೂ ಬರುತ್ತಾರೆಯೇ, ಆರಿಸಿದ ತಂಟೆಕೋರರು ಮಾತ್ರವೇ? ಪುಕ್ಕಟೆಯೇ ಎಂಬುದನ್ನೂ ಕೇಳಿ ತಿಳಿದುಕೊಳ್ಳಬಹುದು.

ಎರಡನೆಯ ಪ್ರಶ್ನೆಯೇ ನಮ್ಮಲ್ಲಿ ಕಷ್ಟದ್ದು. ಪೊಲೀಸರಿಗೆ ವರ್ಗಾವಣೆ ತಪ್ಪಿದ್ದಲ್ಲ. ಬಂದೋಬಸ್ತು, ಚುನಾವಣೆ, ಜಾತ್ರೆ ಬಂದರೆ ಮೈದಾನ ಬಿಟ್ಟು ಓಡಲೇಬೇಕು. ಆಸಕ್ತಿಯಿಂದ ವಾಲಿಬಾಲ್ ನೆಟ್ ಕಟ್ಟಿಸಿದ ಸಬ್ ಇನ್‌ಸ್ಪೆಕ್ಟರ್ ಬೇರೆ ತಾಲ್ಲೂಕಿಗೆ ಹೋದ ಮೇಲೆ ಕಂಬಗಳಷ್ಟೇ ಉಳಿಯುತ್ತವೆ. ಕೇರಳದ ಯೋಜನೆಯಲ್ಲಿ ಇದಕ್ಕೊಂದು ಉಪಾಯವಿದೆ. ಕವಾಯತು ಕಲಿಸಲು ಹತ್ತಿರದ ಠಾಣೆಯಿಂದ ಪೊಲೀಸರು ಬರುತ್ತಾರೆ, ಆದರೆ ತಂಡದ ಹೊಣೆ ಹೊರುವವರು ಅದೇ ಶಾಲೆಯ ಇಬ್ಬರು ಶಿಕ್ಷಕರು, ಒಬ್ಬರು ಮೇಷ್ಟರು, ಒಬ್ಬರು ಮೇಡಂ. ಅವರಿಗೆ ಪೊಲೀಸ್ ಇಲಾಖೆಯೇ ತರಬೇತಿ ಕೊಟ್ಟು ‘ಕಮ್ಯುನಿಟಿ ಪೊಲೀಸ್ ಆಫೀಸರ್’ ಎಂಬ ಹೆಸರನ್ನೂ ಕೊಡುತ್ತದೆ. ಠಾಣೆಯ ಮುಖ ಬದಲಾದರೂ ಬೆಳಿಗ್ಗೆ ಮೈದಾನದಲ್ಲಿ ಹೆಸರು ಹಿಡಿದು ಕರೆಯುವ ದನಿ ಎರಡು ವರ್ಷವೂ ಅದೇ ಇರುತ್ತದೆ.